ತಿಪ್ಪೆಗುಂಡಿಯಿಂದ ಎರಡು ಬುಟ್ಟಿಯವರೆಗೆ

ಚರಿತ್ರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೋಟೆ ಕೊತ್ತಲಗಳು, ಶಿಲಾಶಾಸನಗಳು, ಅರಸರ ದಂಡಯಾತ್ರೆಗಳು. ಊರಾಚೆಯ ತಿಪ್ಪೆಗೂ ಒಂದು ಚರಿತ್ರೆ ಉಂಟೆಂದರೆ ಕೆಲವರು ನಕ್ಕಾರು. ಆದರೆ ಒಂದು ಜನ ಹೇಗೆ ಬಾಳಿತು ಎಂಬುದನ್ನು ತಿಳಿಯಬೇಕಾದರೆ ಅದು ಏನನ್ನು ಬೆಳೆಯಿತು, ಏನನ್ನು ಉಂಡಿತು ಎಂದು ಕೇಳಿದರೆ ಸಾಲದು. ಏನನ್ನು ಬಿಸಾಡಿತು, ಅದನ್ನು ಯಾರು ಎತ್ತಿದರು ಎಂದೂ ಕೇಳಬೇಕಾಗುತ್ತದೆ. ನೆಲವನ್ನು ಅಗೆದು ಹಳೆಯ ಊರುಗಳನ್ನು ಹೊರತೆಗೆಯುವ ವಿದ್ವಾಂಸರಿಗೆ ಅರಮನೆಯ ಗೋಡೆಗಿಂತಲೂ ಅದರ ಹಿಂದಿನ ಒಡಕು ಮಡಕೆಗಳ ರಾಶಿಯೇ ಎಷ್ಟೋ ವೇಳೆ ಹೆಚ್ಚಿನ ಸಂಗತಿಗಳನ್ನು ಹೇಳುತ್ತದೆ.

ಇಂದು ಪಟ್ಟಣದ ಪುರಸಭೆಯೂ ಹಳ್ಳಿಯ ಪಂಚಾಯಿತಿಯೂ ಒಂದೇ ಮಾತನ್ನು ಹೇಳುತ್ತಿವೆ: ಹಸಿ ಕಸವನ್ನು ಬೇರೆ ಇಡಿ, ಒಣ ಕಸವನ್ನು ಬೇರೆ ಇಡಿ. ಇದು ಹೊಸ ಕಾಲದ ಹೊಸ ಕಾಟವೆಂದು ಬೇಸರಪಡುವವರಿದ್ದಾರೆ. ಇದೆಲ್ಲ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆಯೇ ಎಂದು ಹೆಮ್ಮೆಪಡುವವರೂ ಇದ್ದಾರೆ. ಎರಡು ಮಾತಿನಲ್ಲೂ ಅಷ್ಟಷ್ಟು ಸತ್ಯ ಉಂಟು. ಕಸವನ್ನು ವಿಂಗಡಿಸುವ ಕೆಲಸ ನಮ್ಮಲ್ಲಿ ಬಹು ಹಳೆಯದು. ಆದರೆ ಅದನ್ನು ಯಾರ ಕೈ ಮಾಡಬೇಕು ಎಂಬ ಪ್ರಶ್ನೆಗೆ ಹಿಂದಿನವರು ಕೊಟ್ಟ ಉತ್ತರ ಬೇರೆ, ಇಂದಿನ ಕಾನೂನು ಕೊಡುವ ಉತ್ತರ ಬೇರೆ. ಈ ಬದಲಾವಣೆ ಹೇಗಾಯಿತೆಂಬುದನ್ನು ಮಂಡ್ಯದ ಸೀಮೆಯಿಂದ ಹೊರಟು ನೋಡೋಣ.

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಕೇಳದ ಕುರಿಗಾರನಿಲ್ಲ. ಗಿಡ್ಡ ಕಾಲು, ತುಂಬಿದ ಮೈ, ಅಗಲವಾದ ಬೆನ್ನಿನ ಬಂಡೂರು ಕುರಿ ಮಾಂಸದ ರುಚಿಗೆ ನಾಡಿನಾಚೆಗೂ ಪ್ರಸಿದ್ಧಿ. ಇದನ್ನೇ ಬನ್ನೂರು ಕುರಿ ಎಂದೂ ಮಂಡ್ಯದ ಕುರಿ ಎಂದೂ ಕರೆಯುವುದುಂಟು. ಆದರೆ ಈ ಸೀಮೆಯ ಬೇಸಾಯಗಾರನಿಗೆ ಕುರಿ ಎಂದರೆ ಮಾಂಸವಷ್ಟೇ ಆಗಿರಲಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿದರೆ ಬೆಳಗಾಗುವುದರೊಳಗೆ ಗೊಬ್ಬರವೂ ಬಿತ್ತು, ಗಂಜಲವೂ ಇಂಗಿತು. ಗಾಡಿಯೂ ಬೇಡ, ಗುದ್ದಲಿಯೂ ಬೇಡ. ಹೊಲದವನು ಕುರಿಯವನಿಗೆ ಕಾಳು ಕೊಡುತ್ತಿದ್ದನು. ದನದ ಸಗಣಿಗಿಂತ ಕುರಿಯ ಹಿಕ್ಕೆಯಲ್ಲಿ ಸಾರಜನಕ ಹೆಚ್ಚೆಂದು ಇಂದಿನ ಶಾಸ್ತ್ರ ಹೇಳುತ್ತದೆ. ಆ ಲೆಕ್ಕ ತಿಳಿಯದಿದ್ದರೂ ಅದರ ಬೆಲೆ ರೈತನಿಗೆ ತಿಳಿದಿತ್ತು. ಒಬ್ಬನಿಗೆ ಬೇಡವಾದುದು ಇನ್ನೊಬ್ಬನಿಗೆ ಬೇಕಾಗಿತ್ತು. ಅದಕ್ಕೊಂದು ಬೆಲೆಯೂ ನಿಂತಿತ್ತು. ಹಳೆಯ ಹಳ್ಳಿಯ ಕಸದ ವ್ಯವಹಾರವೆಲ್ಲ ನಡೆದದ್ದು ಹೀಗೆಯೇ.

ಆ ಕಾಲದ ಒಂದು ಮನೆಯೊಳಗೆ ಹೊಕ್ಕು ನೋಡೋಣ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿಯ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅನ್ನ ಇವೆಲ್ಲ ಹಿತ್ತಿಲ ಕಲಗಚ್ಚಿನ ಬಾನಿಗೆ ಸೇರುತ್ತಿದ್ದವು. ಅದರ ಹಕ್ಕುದಾರರು ಎಮ್ಮೆ, ಹಸುಗಳು. ಒಲೆಯ ಬೂದಿ ಒಂದು ಮೂಲೆಯಲ್ಲಿ ಕೂಡುತ್ತಿತ್ತು. ಪಾತ್ರೆ ಬೆಳಗಲು ಒಂದಷ್ಟು, ಬಿತ್ತನೆಯ ಕಾಳಿಗೆ ಹುಳು ಹತ್ತದಂತೆ ಬೆರೆಸಲು ಒಂದಷ್ಟು, ಅವರೆ ಬದನೆಯ ಎಲೆಗಳ ಮೇಲೆ ಎರಚಲು ಒಂದಷ್ಟು, ಉಳಿದದ್ದು ತಿಪ್ಪೆಗೆ. ಕೊಟ್ಟಿಗೆಯ ಸಗಣಿಯಲ್ಲೂ ವಿಂಗಡಣೆ ಇತ್ತು. ಬೆರಣಿಗೆ ಇಷ್ಟು, ನೆಲ ಸಾರಿಸಲು ಇಷ್ಟು, ಗೊಬ್ಬರಕ್ಕೆ ಇಷ್ಟು.

ಬಟ್ಟೆಯ ಕಥೆ ಇನ್ನೂ ದೀರ್ಘ. ಸೀರೆ ಹಳತಾದರೆ ತೊಟ್ಟಿಲ ಬಟ್ಟೆ. ಅದೂ ಸವೆದರೆ ಹೊದಿಕೆಯ ತೇಪೆ. ಅದೂ ಹರಿದರೆ ಒಲೆಯ ಬಳಿ ಮಸಿಬಟ್ಟೆ. ಕೊನೆಯ ಚೂರು ಹಣತೆಯ ಬತ್ತಿ. ಸವೆದ ನೇಗಿಲ ಕುಳ ಕಮ್ಮಾರನ ಕುಲುಮೆಗೆ ಹೋಗಿ ಕುಡುಗೋಲಾಗಿ ಬರುತ್ತಿತ್ತು. ಒಡೆದ ಹಿತ್ತಾಳೆಯನ್ನು ಸಂತೆಯಲ್ಲಿ ತೂಕಕ್ಕೆ ಹಾಕಿ, ಮೇಲೆ ಒಂದಿಷ್ಟು ದುಡ್ಡು ಕೊಟ್ಟು ಹೊಸ ಪಾತ್ರೆ ತರುತ್ತಿದ್ದರು. ಸೀಮೆಎಣ್ಣೆಯ ಡಬ್ಬ ನೀರು ಹೊರುವ ಡಬ್ಬವಾಗುತ್ತಿತ್ತು. ಕುತ್ತಿಗೆಗೆ ಹುರಿ ಕಟ್ಟಿಸಿಕೊಂಡ ಸೀಸೆ ವರ್ಷಗಟ್ಟಲೆ ಅಂಗಡಿಗೂ ಮನೆಗೂ ಓಡಾಡುತ್ತಿತ್ತು. ಓದಿದ ಕಾಗದ ಅಂಗಡಿಯವನ ಪೊಟ್ಟಣವಾಗುತ್ತಿತ್ತು. ಬಾಚಿದಾಗ ಉದುರಿದ ತಲೆಗೂದಲನ್ನು ಕೂಡ ಗೋಡೆಯ ಸಂದಿನಲ್ಲಿ ಸಿಕ್ಕಿಸಿಟ್ಟು, ಕೂದಲು ಕೊಳ್ಳುವವಳು ಬಂದಾಗ ಪಿನ್ನನ್ನೋ ಪುಟ್ಟ ಪಾತ್ರೆಯನ್ನೋ ಪಡೆಯುತ್ತಿದ್ದರು. ಯಾರಿಗೂ ಬೇಡವಾಗಿ ಉಳಿಯುತ್ತಿದ್ದುದು ಮುಖ್ಯವಾಗಿ ಒಡೆದ ಮಡಕೆ. ಅದು ಮಣ್ಣಿನಿಂದ ಬಂದದ್ದು, ಮಣ್ಣಿನ ಮೇಲೆ ಬಿದ್ದಿದ್ದರೆ ಯಾರಿಗೂ ಕೇಡಿಲ್ಲ.

ಆದುದರಿಂದಲೇ ನಮ್ಮ ಜನಕ್ಕೆ ತಿಪ್ಪೆ ಎಂದರೆ ಅಸಹ್ಯದ ವಸ್ತುವಾಗಿರಲಿಲ್ಲ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ದೀಪವಿಡುವ ಪದ್ಧತಿ ಹಲವು ಕಡೆ ಉಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಮೃತ್ಯು ಅದನ್ನು ಕಸವೆಂದು ತಿಳಿದು ಬಿಟ್ಟುಹೋಗಲಿ ಎಂಬ ತಾಯಿಯ ಆಸೆ ಅದು. ತಿಪ್ಪೆ ಉಪ್ಪರಿಗೆಯಾದೀತು, ಉಪ್ಪರಿಗೆ ತಿಪ್ಪೆಯಾದೀತು ಎಂಬ ಗಾದೆಯಲ್ಲಿ ಲೋಕದ ಏರಿಳಿತದ ಅರಿವಿನೊಡನೆ ತಿಪ್ಪೆಯ ಮೇಲಿನ ಗೌರವವೂ ಸ್ವಲ್ಪ ಇದ್ದೀತು.

ಹಳ್ಳಿಯ ಮಾತು ಹೀಗಾದರೆ ಪಟ್ಟಣದ ಮಾತೇನು? ಇದಕ್ಕೆ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಿಂದಲೇ ಒಂದು ಬರಹದ ಸಾಕ್ಷ್ಯ ಸಿಗುತ್ತದೆ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಎಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಅಪ್ಪಣೆಯ ಮೇರೆಗೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. ಅವನ ಪ್ರವಾಸದ ವಿವರ 1807ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಬೆಳೆ, ನೀರು, ನೇಗಿಲು, ತೆರಿಗೆ ಎಲ್ಲವನ್ನೂ ವಿಚಾರಿಸಿದ ಆತ ಗೊಬ್ಬರವನ್ನೂ ಬಿಡಲಿಲ್ಲ. ಶ್ರೀರಂಗಪಟ್ಟಣದ ಸುತ್ತಿನ ರೈತರು ಗುಂಡಿ ತೋಡಿ, ದನದ ಸಗಣಿ, ಕೊಟ್ಟಿಗೆಯ ಕಸಕಡ್ಡಿ, ಮನೆಯ ಬೂದಿ ಎಲ್ಲವನ್ನೂ ಅದರಲ್ಲಿ ಕೂಡಿಹಾಕುವುದನ್ನು ಅವನು ಬರೆದಿದ್ದಾನೆ. ಪಟ್ಟಣಕ್ಕೆ ಎರಡು ಮೈಲಿಯೊಳಗಿನ ರೈತರು ಎತ್ತುಗಳ ಮೇಲೆ ಗೋಣಿ ಹೇರಿಕೊಂಡು ಬಂದು, ಬೀದಿ ಗುಡಿಸುವವರ ಕೈಯಿಂದ ಊರಿನ ಬೂದಿಯನ್ನೂ ಹೊಲಸನ್ನೂ ಪಡೆದು ತಮ್ಮ ಗುಂಡಿಗಳಿಗೆ ಸಾಗಿಸುತ್ತಿದ್ದರೆಂದೂ ಹೇಳಿದ್ದಾನೆ.

ಈ ಚಿಕ್ಕ ವಿವರದಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು, ಪಟ್ಟಣದ ಕಸ ಪಟ್ಟಣದಲ್ಲಿ ಕೊಳೆಯದೆ ಗದ್ದೆಗೆ ಹಿಂದಿರುಗುತ್ತಿತ್ತು ಎಂಬುದು. ಗದ್ದೆಯಿಂದ ಅಕ್ಕಿ ಪೇಟೆಗೆ, ಪೇಟೆಯಿಂದ ಗೊಬ್ಬರ ಗದ್ದೆಗೆ. ಚಕ್ರ ಒಂದು ಸುತ್ತು ಪೂರ್ತಿಯಾಗುತ್ತಿತ್ತು. ಎರಡನೆಯದು, ಆ ಚಕ್ರದ ನಡುವೆ ಬೀದಿ ಗುಡಿಸುವವನೊಬ್ಬನಿದ್ದನು. ಎಲ್ಲರ ಹೊಲಸನ್ನೂ ಅವನು ಕೈಯಿಂದ ಬಾಚಬೇಕು, ಬೂದಿಯನ್ನೂ ಮಲವನ್ನೂ ಬೇರೆ ಮಾಡಬೇಕು. ಆ ಕೆಲಸ ಅವನಿಗೆ ಹುಟ್ಟಿನಿಂದ ಬಂದದ್ದು, ಬಿಡುವಂತಿರಲಿಲ್ಲ. ಹಳೆಯ ಪದ್ಧತಿಯನ್ನು ಹೊಗಳುವಾಗ ಮೊದಲನೆಯ ಸಂಗತಿಯನ್ನು ಎತ್ತಿ ಹೇಳಿ ಎರಡನೆಯದನ್ನು ಮರೆಯುವುದು ನ್ಯಾಯವಲ್ಲ. ಮನೆಯೊಳಗೆ ವಿಂಗಡಣೆಯ ಭಾರವನ್ನು ಹೊತ್ತವರು ಹೆಂಗಸರು. ಊರೊಳಗೆ ಹೊತ್ತವರು ಊರಾಚೆಗೆ ನೂಕಲ್ಪಟ್ಟ ಜಾತಿಯವರು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದಿತು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಈ ಪಿಡುಗು ಊರಿನ ಕಸವನ್ನು ಕುರಿತ ದೃಷ್ಟಿಯನ್ನೇ ಬದಲಿಸಿತು. ಇಲಿ, ಕೊಳಕು, ಗಾಳಿಯಿಲ್ಲದ ಓಣಿ ಇವು ಸಾವಿನ ಕಾರಣಗಳೆಂದು ಸರ್ಕಾರಕ್ಕೂ ಜನಕ್ಕೂ ಮನವರಿಕೆಯಾಯಿತು. ಬಸವನಗುಡಿ, ಮಲ್ಲೇಶ್ವರಗಳಂಥ ಅಗಲ ಬೀದಿಯ ಬಡಾವಣೆಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ಏರ್ಪಟ್ಟಿತು. ಅಂದಿನಿಂದ ಪೌರಸಭೆಯ ಗುರಿ ಎಂದರೆ ಕಸವನ್ನು ಆದಷ್ಟು ಬೇಗ ಕಣ್ಣಿಗೆ ಮರೆಯಾಗಿಸುವುದು. ಊರು ಚೊಕ್ಕಟವಾಯಿತು, ನಿಜ. ಆದರೆ ಬೂದಿ, ಎಲೆ, ಚಿಂದಿ, ಗಾಜು ಎಲ್ಲವೂ ಒಂದೇ ಗಾಡಿಗೆ ಬಿದ್ದು ಬೆರೆತುಹೋದವು. ಬೇರೆ ಬೇರೆ ಇದ್ದಾಗ ಸರಕಾಗಿದ್ದುದು ಬೆರೆತಾಗ ಕಸವಾಯಿತು.

ಇದೇ ಕಾಲಕ್ಕೆ ಯುರೋಪಿನಲ್ಲಿ ಒಂದು ಪ್ರಯೋಗ ನಡೆದಿತ್ತು. ಪ್ಯಾರಿಸ್ ಸೀಮೆಯ ಆಡಳಿತಾಧಿಕಾರಿ ಯುಜೀನ್ ಪುಬೆಲ್ ಎಂಬಾತನು 1883–84ರಲ್ಲಿ ಒಂದು ಆಜ್ಞೆ ಹೊರಡಿಸಿ, ಮನೆಯ ಒಡೆಯರು ಕಸಕ್ಕೆ ಡಬ್ಬಗಳನ್ನು ಇಡಬೇಕೆಂದು ವಿಧಿಸಿದನು. ಕೊಳೆಯುವುದಕ್ಕೆ ಒಂದು, ಕಾಗದ ಬಟ್ಟೆಗಳಿಗೆ ಒಂದು, ಗಾಜು ಪಿಂಗಾಣಿ ಚಿಪ್ಪುಗಳಿಗೆ ಇನ್ನೊಂದು. ಚಿಂದಿ ಆಯ್ದು ಬದುಕುತ್ತಿದ್ದ ಸಾವಿರಾರು ಬಡವರು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಪ್ರತಿಭಟಿಸಿದರು. ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಕ್ಕೆ ಇಂದಿಗೂ ಆ ಅಧಿಕಾರಿಯ ಹೆಸರೇ ಉಳಿದಿದೆ. ಬೇರ್ಪಡಿಸುವ ಕಟ್ಟಳೆಯೊಡನೆಯೇ, ಕಸವನ್ನೇ ನಂಬಿ ಬದುಕುವವರ ಗತಿಯೇನೆಂಬ ಪ್ರಶ್ನೆಯೂ ಹುಟ್ಟುತ್ತದೆಂಬುದಕ್ಕೆ ಇದು ಉದಾಹರಣೆ.

ಮಂಡ್ಯಕ್ಕೆ ಹಿಂದಿರುಗೋಣ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು, ರಾಗಿಯ ಸೀಮೆ ಕಬ್ಬು ಭತ್ತಗಳ ಸೀಮೆಯಾಗಿ ಮಾರ್ಪಟ್ಟಿತು. ಬೇಸಾಯ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದ ಫಲವಾಗಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ವ್ಯಾಪಾರದ ಕಟ್ಟಡದೊಳಗೆ ವಿಂಗಡಣೆ ಎಂದರೇನೆಂಬುದನ್ನು ನೋಡಬೇಕಾದವರು ಸಕ್ಕರೆ ಕಾರ್ಖಾನೆಯನ್ನು ನೋಡಬೇಕು. ಒಂದು ಟನ್ನು ಕಬ್ಬನ್ನು ಅರೆದರೆ ಸುಮಾರು 300 ಕಿಲೋ ಸಿಪ್ಪೆ ಉಳಿಯುತ್ತದೆ. ಅದು ಬಾಯ್ಲರಿನ ಬೆಂಕಿಗೆ ಸೌದೆ. 40 ಕಿಲೋವಿನಷ್ಟು ಕಾಕಂಬಿ ಉಳಿಯುತ್ತದೆ. ಅದು ಮದ್ಯಸಾರದ ಬಟ್ಟಿಗೆ. ರಸವನ್ನು ಸೋಸಿದಾಗ 30–40 ಕಿಲೋ ಮಡ್ಡಿ ಉಳಿಯುತ್ತದೆ. ಅದು ರೈತನ ಹೊಲಕ್ಕೆ ಗೊಬ್ಬರ. ಇವೆಲ್ಲ ಒಂದೇ ತೊಟ್ಟಿಯಲ್ಲಿ ಬೆರೆತರೆ ಯಾವುದಕ್ಕೂ ಬಾರದ ಕೆಸರು. ಯಂತ್ರದ ಒಂದೊಂದು ಹಂತದಲ್ಲೂ ಬೇರೆಯಾಗಿ ಹೊರಬಂದುದರಿಂದಲೇ ಒಂದೊಂದಕ್ಕೂ ಬೆಲೆ. ನಮ್ಮ ಆಲೆಮನೆಯವನೂ ಇದನ್ನೇ ಮಾಡುತ್ತ ಬಂದವನು. ಹಿಂಡಿದ ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿ ಅದೇ ಕೊಪ್ಪರಿಗೆಯ ಕೆಳಗೆ ಉರಿಸಿದನು. ಕುದಿಯುವ ರಸದ ಮೇಲಿನ ಕೊಳೆಯನ್ನು ತೆಗೆದು ಬೇರೆ ಹಾಕಿದನು.

ಹಳ್ಳಿಯ ತಿಪ್ಪೆಗೆ ಶಾಸ್ತ್ರದ ಕಣ್ಣು ಬಿದ್ದದ್ದೂ ಇದೇ ದಶಕಗಳಲ್ಲಿ. ಇದರಲ್ಲಿ ಕನ್ನಡನಾಡಿಗೆ ಒಂದು ಹಿರಿಯ ಪಾಲುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಗಿಲ್ಬರ್ಟ್ ಫೌಲರ್ ಎಂಬ ಪ್ರಾಧ್ಯಾಪಕರು 1920ರ ಆಸುಪಾಸಿನಲ್ಲಿ ಊರ ಕಸದಿಂದ ಗೊಬ್ಬರ ಮಾಡುವ ಬಗೆಯನ್ನು ಪರೀಕ್ಷಿಸುತ್ತಿದ್ದರು. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಇವರು ಕಸಕಡ್ಡಿ, ಸಗಣಿ, ಬೂದಿ, ಮಣ್ಣುಗಳನ್ನು ಪದರ ಪದರವಾಗಿ ಒಟ್ಟಿ, ಆಗಾಗ ತಿರುವಿಹಾಕಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿ 1931ರಲ್ಲಿ ಪ್ರಕಟಿಸಿದರು. ಚೀನಾದ ರೈತರ ಸಾವಿರಾರು ವರ್ಷಗಳ ಅನುಭವದಿಂದ ತಾವು ಕಲಿತೆವೆಂದು ಹೋವರ್ಡ್ ಒಪ್ಪಿಕೊಂಡಿದ್ದರು. 1939ರಲ್ಲಿ ವಿಜ್ಞಾನ ಮಂದಿರದ ಡಾಕ್ಟರ್ ಸಿ. ಎನ್. ಆಚಾರ್ಯ ಅವರು ಇನ್ನೂ ಸುಲಭವಾದ ದಾರಿಯೊಂದನ್ನು ಕಂಡುಹಿಡಿದರು. ಅದು ‘ಬೆಂಗಳೂರು ವಿಧಾನ’ ಎಂಬ ಹೆಸರಿನಿಂದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಇದೆ.

ಅದರ ಕ್ರಮ ಹೀಗೆ. ಊರಿನಿಂದ ದೂರದಲ್ಲಿ ಮೂರಡಿ ಆಳದ ಕಂದಕ ತೋಡಬೇಕು. ಅದರಲ್ಲಿ ಆರು ಅಂಗುಲ ಕಸ, ಅದರ ಮೇಲೆ ಎರಡು ಅಂಗುಲ ಮಲ; ಮತ್ತೆ ಕಸ, ಮತ್ತೆ ಮಲ. ಹೀಗೆ ನೆಲಮಟ್ಟಕ್ಕಿಂತ ಒಂದಡಿ ಮೇಲೇರುವವರೆಗೆ ಪದರಗಳನ್ನು ಹಾಕಿ, ಮೇಲೆ ದಪ್ಪನಾಗಿ ಕಸ ಹರಡಿ ಮಣ್ಣು ಮುಚ್ಚಬೇಕು. ಒಂದು ವಾರದೊಳಗೆ ಒಳಗಿನ ಕಾವು 60 ಡಿಗ್ರಿ ಸೆಂಟಿಗ್ರೇಡಿಗೂ ಮೇಲೇರಿ ಎರಡು ಮೂರು ವಾರ ನಿಲ್ಲುತ್ತದೆ. ಆ ಕಾವಿನಲ್ಲಿ ರೋಗದ ಕ್ರಿಮಿಗಳೂ ನೊಣದ ಮೊಟ್ಟೆಗಳೂ ಸಾಯುತ್ತವೆ. ನಾಲ್ಕರಿಂದ ಆರು ತಿಂಗಳಲ್ಲಿ ದುರ್ವಾಸನೆಯಿಲ್ಲದ ಕಪ್ಪು ಗೊಬ್ಬರ ಸಿದ್ಧ. ತಿರುವಿಹಾಕುವ ಕೂಲಿಯಿಲ್ಲ, ನೀರು ಚಿಮುಕಿಸುವ ತೊಂದರೆಯಿಲ್ಲ. ಹಣವಿಲ್ಲದ ಪುರಸಭೆಗಳಿಗೆ ಇದು ವರವಾಯಿತು.

ಆದರೆ ಈ ವಿಧಾನ ಹೇಳದೆ ನಂಬಿದ್ದ ಒಂದು ಸಂಗತಿಯಿತ್ತು. ಊರಿನ ಕಸವೆಂದರೆ ಎಲೆ, ಹುಲ್ಲು, ಸಿಪ್ಪೆ, ಬೂದಿ, ಮಣ್ಣು. ಕೊಳೆಯದ ವಸ್ತುಗಳನ್ನು ಗುಜರಿಯವನು ಮೊದಲೇ ಒಯ್ದಿರುತ್ತಾನೆ ಎಂಬುದೇ ಆ ನಂಬಿಕೆ. 1939ರಲ್ಲಿ ಅದು ಬಹುಮಟ್ಟಿಗೆ ನಿಜವಾಗಿತ್ತು. ಪ್ಲಾಸ್ಟಿಕ್ಕಿನ ಕಾಲದಲ್ಲಿ ಅದು ಸುಳ್ಳಾಯಿತು. 1975ರಲ್ಲಿ ಬೆಂಗಳೂರಿನ ಕಸವನ್ನು ಗೊಬ್ಬರ ಮಾಡಲೆಂದು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಕಾಲ ಕಳೆದಂತೆ ಇಂಥ ಘಟಕಗಳಿಗೆಲ್ಲ ಬಂದ ತೊಂದರೆ ಒಂದೇ: ಬೆರೆತು ಬಂದ ಕಸದಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್ ಹಾಳೆ, ಸತ್ತ ಬ್ಯಾಟರಿ. ಜರಡಿ ಹಿಡಿದರೂ ಪೂರ್ತಿ ಹೋಗದ ಈ ಚೂರುಗಳಿರುವ ಗೊಬ್ಬರವನ್ನು ಯಾವ ರೈತ ತಾನೇ ಬರಿಗಾಲಿನಲ್ಲಿ ನಿಂತು ಗದ್ದೆಗೆ ಹಾಕಿಯಾನು? ಶ್ರೀರಂಗಪಟ್ಟಣದ ಕಸಕ್ಕೆ ಎತ್ತು ತಂದ ರೈತನ ಮೊಮ್ಮಕ್ಕಳು ಬೆಂಗಳೂರಿನ ಕಸವನ್ನು ಬೇಡವೆಂದರು. ಹಕ್ಕುದಾರನು ಹಿಂದೆ ಸರಿದನು; ಕಸ ಅನಾಥವಾಗಿ ಬೆಟ್ಟವಾಯಿತು.

ಆ ಬೆಟ್ಟ ಬೆಳೆದದ್ದು ಎಲ್ಲಿ? ಪಟ್ಟಣದಲ್ಲಲ್ಲ, ಪಕ್ಕದ ಹಳ್ಳಿಗಳಲ್ಲಿ. ಬೆಂಗಳೂರಿನ ಉತ್ತರದ ಮಾವಳ್ಳಿಪುರ, ಪೂರ್ವದ ಮಂಡೂರು ಇವುಗಳ ಹೆಸರು ಹೀಗೆ ಚರಿತ್ರೆಗೆ ಸೇರಿತು. ಬಂಡೂರಿಗೂ ಮಂಡೂರಿಗೂ ಒಂದು ಅಕ್ಷರದ ಅಂತರ, ಎರಡೂ ಹಳ್ಳಿಗಳೇ. ಒಂದು ತನ್ನ ಕುರಿಯಿಂದ ಹೆಸರಾಯಿತು, ಇನ್ನೊಂದು ಬೇರೆಯವರ ಕಸದಿಂದ. ಲಾರಿಗಳ ಸಾಲು, ನಾತ, ನೊಣ, ಕೆಟ್ಟ ನೀರು ಇವನ್ನು ವರ್ಷಗಟ್ಟಲೆ ಸಹಿಸಿದ ಜನ ಕೊನೆಗೆ ದಾರಿಗೆ ಅಡ್ಡ ನಿಂತರು. ಮಾವಳ್ಳಿಪುರಕ್ಕೆ 2012ರಲ್ಲಿ ಕಸ ಸಾಗಿಸುವುದು ನಿಂತಿತು. ಮಂಡೂರಿಗೆ 2014ರ ಕೊನೆಯಲ್ಲಿ ನಿಂತಿತು. ತನ್ನ ಕಸವನ್ನು ತಾನು ನೋಡದೆ ಗತ್ಯಂತರವಿಲ್ಲವೆಂಬ ಪಾಠವನ್ನು ರಾಜಧಾನಿಗೆ ಕಲಿಸಿದವರು ಈ ಹಳ್ಳಿಯವರು.

ಕಾನೂನಿನ ದಾರಿಯೂ ಬೆಂಗಳೂರಿನಿಂದಲೇ ಹೊರಟಿತೆನ್ನಬಹುದು. ಇಲ್ಲಿ ನೆಲೆಸಿದ್ದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಫಲವಾಗಿ ಒಂದು ಸಮಿತಿ ನೇಮಕವಾಗಿ, ಅದರ ವರದಿಯ ಆಧಾರದ ಮೇಲೆ 2000ದಲ್ಲಿ ನಗರ ಘನತ್ಯಾಜ್ಯದ ನಿಯಮಗಳು ಹೊರಬಂದವು. 2012ರ ಅಕ್ಟೋಬರಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಮನೆಯಲ್ಲಿಯೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. 2015ರ ಡಿಸೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ‘ಎರಡು ಬುಟ್ಟಿ, ಒಂದು ಚೀಲ’ದ ಕ್ರಮವನ್ನು ವಿಧಿಸಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಮೈಗೆ ಸಂಬಂಧಿಸಿದ ಹಾಗೂ ಅಪಾಯದ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಪ್ಯಾರಿಸಿನ ಮೂರು ಡಬ್ಬಗಳು 130 ವರ್ಷಗಳ ತರುವಾಯ ಹೀಗೆ ಕನ್ನಡನಾಡಿಗೆ ಬಂದವು.

2016 ಈ ಚರಿತ್ರೆಯಲ್ಲಿ ನೆನಪಿಡಬೇಕಾದ ವರ್ಷ. ಆ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮೊದಲಾದವುಗಳ ಮಾರಾಟವನ್ನೂ ಬಳಕೆಯನ್ನೂ ನಿಷೇಧಿಸಿತು. ಅದೇ ವರ್ಷ ಕೇಂದ್ರ ಸರ್ಕಾರದ ಹೊಸ ನಿಯಮಗಳು ಬಂದವು. ಕಸವನ್ನು ಹುಟ್ಟಿಸುವವನೇ ಅದನ್ನು ಮೂರು ಬಗೆಯಾಗಿ ಬೇರ್ಪಡಿಸಿ ಕೊಡತಕ್ಕದ್ದು ಎಂಬುದು ಅವುಗಳ ತಿರುಳಾಗಿತ್ತು. ಈ ಹೊಣೆ ಮನೆಗೆ ಹೇಗೋ ಹಾಗೆಯೇ ಅಂಗಡಿಗೆ, ಹೋಟೆಲಿಗೆ, ಕಚೇರಿಗೆ, ಕಲ್ಯಾಣಮಂಟಪಕ್ಕೆ. ದಿನಕ್ಕೆ ಸರಾಸರಿ 100 ಕಿಲೋವಿಗಿಂತ ಹೆಚ್ಚು ಕಸ ಹೊರಹಾಕುವವರಿಗೆ ಆ ನಿಯಮಗಳಲ್ಲಿ ಹೊಣೆ ಇನ್ನೂ ಹೆಚ್ಚಾಗಿತ್ತು. ಪ್ಲಾಸ್ಟಿಕ್ಕಿನ ನಿಯಮಗಳ ವ್ಯಾಪ್ತಿ ಅಂದು ಪಟ್ಟಣವನ್ನು ದಾಟಿ ಹಳ್ಳಿಗೂ ಬಂದು, ಗ್ರಾಮ ಪಂಚಾಯಿತಿಯ ಹೆಗಲಿಗೂ ಭಾರ ಬಿತ್ತು. ಇಂದು ನಮ್ಮ ಪಂಚಾಯಿತಿಗಳಲ್ಲಿ ಕಾಣುವ ‘ಸ್ವಚ್ಛ ಸಂಕೀರ್ಣ’ಗಳು, ಹಲವೆಡೆ ಸ್ವಸಹಾಯ ಸಂಘದ ಹೆಂಗಸರೇ ಓಡಿಸುವ ಕಸದ ಗಾಡಿಗಳು ಈ ಹಾದಿಯಲ್ಲಿ ಬಂದವು.

ಇಷ್ಟೆಲ್ಲ ಹೇಳಿದ ಮೇಲೆ, ಮೊದಲು ಎತ್ತಿದ ಪ್ರಶ್ನೆಗೆ ಬರಬೇಕು: ಬೇರ್ಪಡಿಸುವ ಕೈ ಯಾರದು?

1970ರ ದಶಕದ ಮೊದಲಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದರು. ಐ. ಪಿ. ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬಾಳನ್ನು ಪರಿಶೀಲಿಸಿ 1976ರಲ್ಲಿ ವರದಿ ಕೊಟ್ಟಿತು. ಕೈಯಿಂದ ಮಲ ಬಾಚಿಸುವುದರ ವಿರುದ್ಧ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾಯಿದೆ ಬಂದವು. ಬೆಂಗಳೂರಿನಲ್ಲಿ 2011ರಿಂದ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತು. ಕಳ್ಳರಂತೆ ಪೊಲೀಸರ ಕಣ್ಣು ತಪ್ಪಿಸಿ ತಿರುಗುತ್ತಿದ್ದವರು ಕ್ರಮೇಣ ವಾರ್ಡುಗಳ ಒಣತ್ಯಾಜ್ಯ ಕೇಂದ್ರಗಳನ್ನು ನಡೆಸುವವರಾದರು. 2016ರ ನಿಯಮಗಳೂ ಅವರನ್ನು ಹೆಸರಿಟ್ಟು ಗುರುತಿಸಿದವು. ಪ್ಯಾರಿಸಿನ ಚಿಂದಿಯವರಿಗೆ ಅಂದು ಸಿಗದ ಮಾನ್ಯತೆ ಇದು.

ಈ ಕಾಯಿದೆಗಳ ಸಾಲನ್ನೂ ಬುಟ್ಟಿಗಳ ಕಟ್ಟಳೆಯನ್ನೂ ನಾವು ಬೇರೆ ಬೇರೆಯಾಗಿ ನೋಡುವುದುಂಟು. ಒಂದು ಜಾತಿಯ ಮಾತು, ಇನ್ನೊಂದು ಚೊಕ್ಕಟದ ಮಾತು ಎಂದು ತಿಳಿಯುತ್ತೇವೆ. ವಸ್ತುತಃ ಎರಡೂ ಒಂದೇ ಮಾತು. ಮನೆಯವರು ಬೇರ್ಪಡಿಸದೆ ಕಟ್ಟಿ ಎಸೆದ ಒಂದು ಗಂಟನ್ನು ಕೊನೆಗೆ ಯಾರಾದರೂ ಬಿಚ್ಚಲೇಬೇಕು. ಅನ್ನದ ಮುಸುರೆ ಹತ್ತಿದ ಕಾಗದ, ಒಡೆದ ಬಲ್ಬು, ಮಗುವಿನ ಹೊಲಸು ಬಟ್ಟೆ, ಚುಚ್ಚುಮದ್ದಿನ ಸೂಜಿ ಇವೆಲ್ಲ ಅದರೊಳಗಿದ್ದರೆ, ಅವುಗಳ ನಡುವೆ ಒಂದು ಕೈ ಆಡಲೇಬೇಕು. ಅಡಿಗೆಮನೆಯಲ್ಲಿ ಅರೆಗಳಿಗೆಯ ಕೆಲಸವಾಗಿದ್ದುದು ಅಲ್ಲಿ ಗಾಯವಾಗುತ್ತದೆ, ರೋಗವಾಗುತ್ತದೆ, ಅವಮಾನವಾಗುತ್ತದೆ. ಬಳಸಿದ ಮುಟ್ಟಿನ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಿರೆಂದು ನಿಯಮ ಹೇಳುವುದು ಈ ಕಾರಣದಿಂದ. ಹಳೆಯ ಊರಿನಲ್ಲಿ ಬೇರ್ಪಡಿಸುವ ಕೆಲಸವನ್ನು ಹುಟ್ಟು ನಿರ್ಧರಿಸುತ್ತಿತ್ತು. ಹೊಸ ನಿಯಮ ಅದನ್ನು ಕಸ ಮಾಡಿದವನ ಕೈಗೇ ಹಿಂದಿರುಗಿಸುತ್ತದೆ. ಮನೆಯಲ್ಲಿ ಆ ಕೈ ಹೆಂಗಸಿನದೇ ಆಗಬೇಕೆಂದು ಯಾವ ನಿಯಮವೂ ಹೇಳುವುದಿಲ್ಲವೆಂಬುದನ್ನು ಗಂಡಸರು ನೆನಪಿಡುವುದು ಒಳ್ಳೆಯದು.

ಹಳ್ಳಿಯಲ್ಲಿ ಈ ಕೆಲಸ ಕಷ್ಟವಲ್ಲ. ಬಂಡೂರಿನಂಥ ಊರಿನಲ್ಲಿ ಹಸಿ ಕಸಕ್ಕೆ ಇಂದಿಗೂ ದನ, ಕುರಿ, ಗೊಬ್ಬರದ ಗುಂಡಿ ಉಂಟು. ಉಳಿಯುವುದು ಒಣ ಕಸ. ಹಾಲಿನ ಪ್ಯಾಕೆಟ್ಟನ್ನು ಒಮ್ಮೆ ತೊಳೆದು ಒಣಗಿಸಿದರೆ ಅದಕ್ಕೆ ಗುಜರಿಯಲ್ಲಿ ಬೆಲೆ. ಮುಸುರೆಯೊಡನೆ ಬಿಟ್ಟರೆ ಅದು ದನದ ಹೊಟ್ಟೆಗೆ ವಿಷ. ಕಾಗದ, ರಟ್ಟು, ಸೀಸೆ, ತಗಡು, ಪ್ಲಾಸ್ಟಿಕ್ ಒಂದು ಚೀಲದಲ್ಲಿರಲಿ. ಬ್ಯಾಟರಿ, ಬಲ್ಬು, ಹಳೆಯ ಔಷಧಿ, ಕ್ರಿಮಿನಾಶಕದ ಡಬ್ಬ ಇವು ಮಕ್ಕಳಿಗೆ ಎಟುಕದಂತೆ ಬೇರೆ ಇರಲಿ. ಇವನ್ನು ಒಲೆಗೆ ಹಾಕುವುದಾಗಲಿ ಬೀದಿಯಲ್ಲಿ ಸುಡುವುದಾಗಲಿ ಕೂಡದು. ಪ್ಲಾಸ್ಟಿಕ್ಕಿನ ಹೊಗೆ ಸುಟ್ಟವನ ಮನೆಯ ಕೂಸಿನ ಎದೆಗೇ ಮೊದಲು ಇಳಿಯುತ್ತದೆ. ಜಪಾನಿನಲ್ಲಿ ಸುಮಾರು 1500 ಜನರ ಕಾಮಿಕಾಟ್ಸು ಎಂಬ ಬೆಟ್ಟದ ಊರು 2003ರಲ್ಲಿ ಕಸವನ್ನೇ ಇಲ್ಲವಾಗಿಸುವ ಪಣ ತೊಟ್ಟು, ತನ್ನ ಕಸವನ್ನು 45 ಬಗೆಯಾಗಿ ಬೇರ್ಪಡಿಸುವುದನ್ನು ರೂಢಿಸಿಕೊಂಡಿತು. ಕಲಗಚ್ಚು, ಬೂದಿ, ಬೆರಣಿ, ಮಸಿಬಟ್ಟೆ, ಕೂದಲು, ಕುಳ, ಸೀಸೆ ಎಂದು ನಮ್ಮ ಹಿರಿಯರು ಎಣಿಸಿದ ಬಗೆಗಳನ್ನು ಲೆಕ್ಕ ಹಾಕಿದರೆ ನಾವೇನೂ ಬಹಳ ಹಿಂದಿರಲಾರೆವು.

ತಿಪ್ಪೆಯ ಚರಿತ್ರೆಯಿಂದ ಹಿರಿಯರ ಎರಡು ಗುಣಗಳನ್ನೂ ತಿಳಿದಂತಾಯಿತು. ಯಾವ ವಸ್ತುವನ್ನೂ ಹಕ್ಕುದಾರನಿಲ್ಲದೆ ಬಿಡದ ಜಾಣ್ಮೆ ಅವರದು; ಅದನ್ನು ನಾವು ಉಳಿಸಿಕೊಳ್ಳಬೇಕು. ಹೊಲಸಿನ ಭಾರವನ್ನು ಕೆಲವರ ಮೇಲೆಯೇ ಹೊರಿಸಿದ ಕಠೋರತೆಯೂ ಅವರದೇ; ಅದನ್ನು ನಾವು ಬಿಡಬೇಕು. ಮನೆಯ ಬಾಗಿಲಲ್ಲಿ ಎರಡು ಬುಟ್ಟಿ, ಒಂದು ಚೀಲ ಇಟ್ಟವನು ಈ ಎರಡನ್ನೂ ಒಟ್ಟಿಗೆ ಮಾಡಿದಂತಾಗುತ್ತದೆ.